ಗೋಡೆಯಿಂದ ಇಳಿದ ಪರಾತ

ಹುಮನಾಬಾದಿನಿಂದ ಕಲ್ಯಾಣದ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಹೊಸದಾಗಿ ಒಂದು ಹೋಟೆಲು ಎದ್ದಿದೆ. ಹೋಟೆಲು ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಅದು ‘ಹಳ್ಳಿ ಊಟದ ಮನೆ’ಯಂತೆ. ಮಣ್ಣಿನ ಗೋಡೆ, ಹುಲ್ಲಿನ ಸೂರು, ಅಂಗಳದಲ್ಲಿ ಎತ್ತಿಲ್ಲದ ಗಾಡಿ. ಹುಲ್ಲಿನ ಸೂರಿನ ಕೆಳಗೆ ತಣ್ಣಗೆ ಗಾಳಿ ಬಿಡುವ ಎ.ಸಿ. ನಮ್ಮಜ್ಜಿಯ ಕಾಲದ ಜನ ಇಂಥ ಮನೆಯಿಂದ ಹೊರಬಿದ್ದರೆ ಸಾಕೆಂದು ತಗಡಿನ ಪತ್ರಾಸು ಹೊದಿಸಿಕೊಂಡರು, ಅವರ ಮಕ್ಕಳು ಸ್ಲ್ಯಾಬು ಹಾಕಿಸಿದರು. ಈಗ ಸ್ಲ್ಯಾಬಿನ ಮನೆಯವರೆಲ್ಲ ಕಾರು ಮಾಡಿಕೊಂಡು ಬಂದು ಮಣ್ಣಿನ ಗೋಡೆಗೆ ಆತು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅಂಥಲ್ಲಿಗೆ ಹೋಗುವವಳೇ ಅಲ್ಲ. ಆದರೂ ಹೋದೆ. ಹೋದದ್ದಕ್ಕೆ ಇವತ್ತಿಗೂ ಬಸ್ಸು ಆ ಜಾಗ ದಾಟುವಾಗ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ನಾವು ನಾಲ್ವರು ಗೆಳತಿಯರು. ಹುಮನಾಬಾದಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಜೊತೆಗೇ ದುಡಿದು, ಹೆಚ್ಚುಕಡಿಮೆ ಒಂದೇ ಸುಮಾರಿಗೆ ನಿವೃತ್ತರಾದವರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರೂರಿನ ಹೆಸರಿನಿಂದ ಕರೆಯುವುದು ರೂಢಿ. ಮದುವೆಯಾಗಿ ಎಲ್ಲಿಗೆ ಹೋದರೂ ತವರೂರು ಬೆನ್ನು ಬಿಡುವುದಿಲ್ಲ. ಹಾಗಾಗಿ ಒಬ್ಬಳು ದುಬಲಗುಂಡಿಯಾಕಿ, ಹಿಂದಿ ಟೀಚರು. ಕಾರು ಓಡಿಸುತ್ತಾಳೆ, ಹೊಲ ಮಾಡಿಸುತ್ತಾಳೆ, ಮಾತಿಗಿಂತ ಮೊದಲು ಅವಳ ಕೈ ಓಡುತ್ತದೆ. ಇನ್ನೊಬ್ಬಳು ಹಳ್ಳಿಖೇಡದಾಕಿ, ಕನ್ನಡ ಟೀಚರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು, ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮೂರನೆಯವಳು ಕಲ್ಯಾಣದಾಕಿ. ಹುಟ್ಟಿದ್ದೂ ಕಲ್ಯಾಣ, ಕೊಟ್ಟದ್ದೂ ಕಲ್ಯಾಣ, ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು ಗಣಿತ ಕಲಿಸಿದವಳು. ನಾನು ವಿಜ್ಞಾನದವಳು, ನಾಲ್ವರಲ್ಲಿ ಮುಂಗೋಪಿ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ಸ್ಟಾಫ್ ರೂಮಿನಲ್ಲಿ ಎರಡು ಟೇಬಲ್ ಜೋಡಿಸಿ ನಾಲ್ಕು ಡಬ್ಬಿ ಬಿಚ್ಚಿದರೆ ನಮಗೆ ಜಗತ್ತು ಬೇಡವಾಗುತ್ತಿತ್ತು. ಕಲ್ಯಾಣದಾಕಿಯ ಊಟ ನೋಡಲು ಚೆಂದ. ಡಬ್ಬಿಯಲ್ಲಿ ಒಂದು ಅಗಳೂ ಉಳಿಯುತ್ತಿರಲಿಲ್ಲ. ಕೊನೆಗೆ ಡಬ್ಬಿಗೆ ನಾಲ್ಕು ಗುಟುಕು ನೀರು ಹಾಕಿ, ಬೆರಳಿನಿಂದ ಸುತ್ತ ಸವರಿ, ಆ ನೀರನ್ನೂ ಕುಡಿದುಬಿಡುತ್ತಿದ್ದಳು. ಅವರ ಮನೆತನದಲ್ಲಿ ಒಲೆಯ ಮೇಲಿದ್ದಾಗ ಅದು ಅಡಿಗೆ, ತಾಟಿಗೆ ಬಿದ್ದಮೇಲೆ ಪ್ರಸಾದ. “ನಿನ್ನ ಸೊಸಿಗಿ ಭಾಂಡೆ ತಿಕ್ಕೋ ಕೆಲಸನ ಉಳಿಯಂಗಿಲ್ಲ ನೋಡು” ಎಂದು ನಾವು ಕಾಡುತ್ತಿದ್ದೆವು. ಅವಳು ನಗುತ್ತಿದ್ದಳು, ಅಷ್ಟೆ. ನಾವು ಉಳಿಸಿದ ಅನ್ನದ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವಳಲ್ಲ.

ನಿವೃತ್ತಿಯಾದಮೇಲೆ ಅವಳ ಅನ್ನನಾಳದಲ್ಲಿ ಗಂಟು ಕಾಣಿಸಿಕೊಂಡಿತು. ಸೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಕೆಟ್ಟ ಗಂಟನ್ನು ತೆಗೆದರು, ಜೀವ ಉಳಿಯಿತು. ಕೆಲವು ದಿನ ಮೂಗಿನಲ್ಲಿ ನಳಿಗೆ ಇಳಿಸಿ ಅದರಿಂದಲೇ ಊಟ ಕೊಟ್ಟರು. ಆ ನಳಿಗೆಯನ್ನು ಅವಳು ದ್ವೇಷಿಸಿದಷ್ಟು ರೋಗವನ್ನೂ ದ್ವೇಷಿಸಲಿಲ್ಲ. ನಳಿಗೆ ತೆಗೆದು ಮನೆಗೆ ಕಳಿಸುವಾಗ ಡಾಕ್ಟರು, ಮೆತ್ತಗಿನದು ಏನಾದರೂ ಸರಿ, ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹತ್ತಾರು ಸಲ ಉಣ್ಣಬೇಕು ಎಂದಿದ್ದರು. ಅವಳ ತೂಕ ಮಾತ್ರ ಇಳಿಯುತ್ತಲೇ ಹೋಯಿತು. ಕೊನೆಯ ಸಲ ತೋರಿಸಲು ಹೋದಾಗ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು: ಮುಂದಿನ ಸಲ ಬರುವಷ್ಟರಲ್ಲಿ ತೂಕ ಏರದಿದ್ದರೆ ಮತ್ತೆ ನಳಿಗೆ. ಆ ಸಂಜೆ ಅವಳು ನನಗೆ ಫೋನ್ ಮಾಡಿದ್ದಳು.

“ಮತ್ತ ನಳಿಗಿ ಅಂದ್ರ ನಾ ದವಾಖಾನಿಗೇ ಹೋಗಂಗಿಲ್ಲ. ಖರೇ ಹೇಳಾಕತ್ತೇನಿ. ಹ್ಯಾಂಗ ಆಗ್ತದೋ ಹಂಗ ಆಗಲಿ.”

ಅವಳು ಹಟದ ಹೆಂಗಸಲ್ಲ. ಹಾಗಾಗಿಯೇ ನನಗೆ ಹೆದರಿಕೆಯಾಯಿತು.

ಮಾರನೆಯ ದಿನ ಅವಳ ಸೊಸೆಯೇ ಫೋನ್ ಮಾಡಿದಳು. ಒಳ್ಳೆಯ ಹುಡುಗಿ, ಅತ್ತೆಗೆಂದು ಮೂರು ಹೊತ್ತೂ ಬಿಸಿ ನುಚ್ಚು ಬೇಯಿಸುವವಳು. “ಮೌಶಿ, ಅತ್ತಿ ನಮ್ಮ ಜೋಡಿ ಊಟಕ್ಕ ಕೂಡಂಗಿಲ್ರಿ. ಎಲ್ಲಾರದೂ ಆದಮ್ಯಾಲ ಅಡಿಗಿ ಮನ್ಯಾಗ ಒಬ್ಬರ ಕೂತು ಎರಡ ಚಮಚ ಹಾಕ್ಕೊಂಡ ಉಣ್ತಾರ. ಜರಾ ಹೆಚ್ಚ ಹಾಕ್ತೇನಂದ್ರ ತಾಟ ಮುಚ್ಚಕೋತಾರ. ನೀವರ ಹೇಳ್ರಿ.”

ಉಳಿದ ಮೂವರು ನಮ್ಮ ಮನೆಯಲ್ಲಿ ಸೇರಿ ಚಹಾ ಕುಡಿಯುತ್ತ ಸಮಸ್ಯೆಯನ್ನು ಬಿಡಿಸಿಯೇಬಿಟ್ಟೆವು. ಟೀಚರುಗಳು ನೋಡಿ, ಮಕ್ಕಳು ಬಾಯಿ ಬಿಡುವ ಮೊದಲೇ ನಮಗೆ ಉತ್ತರ ಗೊತ್ತಿರುತ್ತದೆ. ಅವಳಿಗೆ ಉಣ್ಣುವಾಗ ಕೆಮ್ಮು ಬರುತ್ತದೆ, ತುತ್ತು ಇಳಿಯಲು ಹೊತ್ತು ಹಿಡಿಯುತ್ತದೆ, ಕೊರಳ ಎಲುಬು ಎದ್ದು ಕಾಣುತ್ತದೆ. ಇನ್ನೊಬ್ಬರ ಮುಂದೆ ನಾಚಿಕೆ. ಅದಕ್ಕೇ ಅಡಿಗೆ ಮನೆಯಲ್ಲಿ ಅವಿತು ಉಣ್ಣುತ್ತಾಳೆ. ಇದಕ್ಕೆ ಪರಿಚಯದವರು ಯಾರೂ ಇಲ್ಲದ, ಪರದೆ ಇರುವ, ಮೆತ್ತಗಿನ ಅಡಿಗೆ ಸಿಗುವ ಒಂದು ಜಾಗ ಬೇಕು. ಹೆದ್ದಾರಿಯ ಆ ಊಟದ ಮನೆಯಲ್ಲಿ ಒಂದೊಂದು ಗುಂಪಿಗೆ ಒಂದೊಂದು ಜೋಪಡಿ, ಬಾಗಿಲಿಗೆ ಬಿದಿರಿನ ಪರದೆ ಇರುವುದೆಂದು ದುಬಲಗುಂಡಿಯಾಕಿ ಹೇಳಿದಳು. ನುಚ್ಚು, ಅಂಬಲಿ, ಭಜ್ಜಿ ಎಲ್ಲ ಸಿಗುತ್ತದೆ. ಭಜ್ಜಿ ಎಂದರೆ ಎಳ್ಳಮಾಸೆಯ ಹಬ್ಬಕ್ಕೆ ಹೊಲದಲ್ಲಿ ಕೂತು ಉಣ್ಣುವ, ಸೊಪ್ಪು ಮತ್ತು ಹಸಿ ಕಾಳುಗಳನ್ನು ಹುಣಸೆ ಹುಳಿಯಲ್ಲಿ ಕರಗುವ ಹಾಗೆ ಬೇಯಿಸಿದ ಅಡಿಗೆ. ಇವರು ಅದನ್ನು ವರ್ಷವಿಡೀ ಮಾಡುತ್ತಾರಂತೆ. ದೇವರೇ ಗತಿ ಎಂದುಕೊಂಡು ಒಪ್ಪಿದೆ.

ಕಲ್ಯಾಣದಾಕಿ ಒಂದು ಕರಾರಿನ ಮೇಲೆ ಬರಲು ಒಪ್ಪಿದಳು. “ನಾ ನಿಮ್ಮ ಜೋಡಿ ಸುಮ್ನ ಕೂಡ್ತೇನಿ. ನಂಗ ತಾಟ ಹಾಕಸಬ್ಯಾಡ್ರಿ.”

“ಆಯ್ತವಾ” ಎಂದೆವು ಮೂವರೂ. ಮೂವರಿಗೂ ಆ ಮಾತು ಉಳಿಸಿಕೊಳ್ಳುವ ಇರಾದೆ ಇರಲಿಲ್ಲ.

ಕಬ್ಬಿನ ಕಾಲ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ತೂಗಾಡುತ್ತ ಹೋಗುತ್ತಿದ್ದವು. ಅವುಗಳ ಹಿಂದೆ ಸಿಕ್ಕು ದುಬಲಗುಂಡಿಯಾಕಿ ಹಿಂದಿಯಲ್ಲಿ ಬೈಯುತ್ತಿದ್ದಳು. ಮುಂದಿನ ಸೀಟಿನಲ್ಲಿ ಕಲ್ಯಾಣದಾಕಿ ಶಾಲು ಹೊದ್ದು ಕೂತಿದ್ದಳು. ಎಷ್ಟು ತೆಳ್ಳಗಾಗಿದ್ದಳೆಂದರೆ ಸೀಟಿನ ಬೆಲ್ಟು ಅವಳ ಮೇಲೆ ಜೋತುಬಿದ್ದಿತ್ತು. ಆದರೆ ಬಾಯಿ ಮಾತ್ರ ಮೊದಲಿನದೇ. “ಬೈಯೂದರ ಸರಿಯಾಗಿ ಬೈಯು. ಆ ಕ್ರಿಯಾಪದ ತಪ್ಪಾಗ್ಯದ” ಎಂದಳು. ನಾವು ನಕ್ಕೆವು.

ಊಟದ ಮನೆ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಬಾಗಿಲಲ್ಲಿ ಪೇಟ ಸುತ್ತಿದ ನಡುವಯಸ್ಸಿನ ಮನುಷ್ಯ ನಮಗೆ ಕೈಕಾಲಿಗೆ ನೀರು ಕೊಟ್ಟ. ಅವನ ಕಿವಿಯಲ್ಲಿ ಮೊಬೈಲಿನ ವೈರು. ಕೈ ತೊಳೆಯುವ ಬೋಗುಣಿಯನ್ನು ಬೀಸುಕಲ್ಲಿನ ಮೇಲೆ ಕೂರಿಸಿದ್ದರು. ಬೆಳಗಿನ ಜಾವ ಎದ್ದು ನಮ್ಮವ್ವ ಅಂಥದ್ದೇ ಕಲ್ಲಿನಲ್ಲಿ ಜೋಳ ಬೀಸುತ್ತಿದ್ದಳು. ಅವಳು ನೋಡಿದ್ದರೆ ಒಳ್ಳೆಯ ಕೆಲಸ ಮಾಡಿದಿರಿ, ಇದು ಇನ್ನು ಮೇಲೆ ಹೀಗೇ ಬಿದ್ದಿರಲಿ ಎನ್ನುತ್ತಿದ್ದಳೇನೋ. ನೆಲ ಸಗಣಿ ಸಾರಿಸಿದ ಬಣ್ಣದ್ದು, ಆದರೆ ಬರೀ ಬಣ್ಣ. ಮೆನು ನೋಡಲು ಗೋಡೆಯ ಮೇಲಿನ ಚೌಕಕ್ಕೆ ಮೊಬೈಲು ಹಿಡಿಯಬೇಕು. ನನ್ನ ಗೊಣಗಾಟ ಕೇಳಿ ಹಳ್ಳಿಖೇಡದಾಕಿ ಮೆಲ್ಲಗೆ ಕೈ ಚಿವುಟಿದಳು.

ನಮಗೆ ಸಿಕ್ಕ ಜೋಪಡಿ ಹಿತ್ತಲ ಕಡೆಯದು. ಕೂರಲು ಮಣೆ, ಮಣೆಯ ಮೇಲೆ ಮೆತ್ತೆ, ತಾಟು ಇಡಲು ಮುಂದೊಂದು ಅಡ್ಡಣಿಗೆ. ಮೂರೂ ಗೋಡೆಯ ತುಂಬ ಯಾರದೋ ಮನೆಯ ಹಳೆಯ ಸಾಮಾನು: ನೇಗಿಲು, ಬಿತ್ತುವ ಕೂರಿಗೆ, ಕಂದೀಲು, ಮತ್ತು ನಡುವೆ ಒಂದು ಭಾರಿ ಹಿತ್ತಾಳೆ ಪರಾತ. ಮದುವೆ ಮನೆಯಲ್ಲಿ ಹಿಟ್ಟು ನಾದಲು, ಅನ್ನ ಸುರಿಯಲು ಬಳಸುವಂಥ ಅಗಲ ತಾಟು. ಅದಕ್ಕೆ ದೀಪದ ಬೆಳಕು ಬೀಳುವ ಹಾಗೆ ಬಲ್ಬು ಹಾಕಿದ್ದರು.

ಮೊದಲು ಬೆರಳುದ್ದದ ಮಣ್ಣಿನ ಲೋಟಗಳಲ್ಲಿ ಅಂಬಲಿ ಬಂತು. ಕಲ್ಯಾಣದಾಕಿ ತನ್ನ ಲೋಟವನ್ನು ಗುಟುಕರಿಸಿ ಖಾಲಿ ಮಾಡಿದಳು. ನಾವು ಕಣ್ಣಲ್ಲೇ ಖುಷಿಪಟ್ಟೆವು. ಅಷ್ಟರಲ್ಲಿ ಪೇಟದ ಮನುಷ್ಯ ನಾಲ್ಕು ಕಂಚಿನ ತಾಟು ತಂದು ಇಟ್ಟ. “ನಂಗ ಬ್ಯಾಡ್ರಿ” ಎಂದು ಅವಳು ಹೇಳುವುದರೊಳಗೆ ಬಡಿಸಿಯೂ ಆಗಿತ್ತು. ನುಚ್ಚಿನ ದೊಡ್ಡ ಮುದ್ದೆ, ಅದರ ಮೇಲೆ ಮಜ್ಜಿಗೆ, ಪಕ್ಕದಲ್ಲಿ ಭಜ್ಜಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಬಿಸಿ ರೊಟ್ಟಿ, ತುಪ್ಪ ಸುರಿದ ಹೋಳಿಗೆ.

“ಬರೀ ಅಡ್ಡಣಿಗಿ ಮುಂದ ಇಟ್ಟಕೊಂಡ ಯಾರೂ ಕೂಡಬಾರದ್ರಿ ಬಾಯಾರ. ಇದು ನಿಮ್ಮ ಮನಿ ಇದ್ದಂಗ” ಎಂದು ಅವನು ನಗುತ್ತ ಹೋದ. ನಮ್ಮ ಸೀಮೆಯ ಪ್ರೀತಿ ಇದೇ. ಬೇಡ ಎಂದವರ ತಾಟಿಗೇ ಮೊದಲು ಸೌಟು ಬೀಳುತ್ತದೆ.

ಕಲ್ಯಾಣದಾಕಿ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ತಾಟನ್ನೇ ನೋಡುತ್ತ ಕೂತಳು. ನಮ್ಮ ಯೋಜನೆಯ ಪ್ರಕಾರ ಹಳ್ಳಿಖೇಡದಾಕಿ ಎದ್ದು ಬಿದಿರಿನ ಪರದೆ ಇಳಿಸಿದಳು. ನಾನು ಉಳಿದಿಬ್ಬರಿಗೆ ಕಣ್ಸನ್ನೆ ಮಾಡಿದೆ. ಅವಳನ್ನು ಯಾರೂ ನೋಡಬಾರದು, ಆಗ ಉಣ್ಣುತ್ತಾಳೆ. ಮೂವರೂ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದೆವು. ದುಬಲಗುಂಡಿಯಾಕಿ ಕೂರಿಗೆ ನೋಡುತ್ತ, ಇದಕ್ಕೆ ಬೀಜ ಇಳಿಯುವ ಒಂದು ತಾಳು ಕಡಿಮೆಯಿದೆ, ಇದರಲ್ಲಿ ಬಿತ್ತಿದರೆ ಸಾಲು ಹೇಗೆ ಬಂದೀತು ಎಂದು ಪಾಠ ಶುರುಮಾಡಿದಳು. ಹಳ್ಳಿಖೇಡದಾಕಿ ಕಂದೀಲು ನೋಡಿದಳು. ನನ್ನ ಪಾಲಿಗೆ ನೇಗಿಲು ಬಂದಿತ್ತು. ವಿಜ್ಞಾನದವಳಾದರೂ ನೇಗಿಲಿನಲ್ಲಿ ನೋಡುವಂಥದ್ದು ಎಷ್ಟಿರುತ್ತದೆ. ನೋಡಿದ್ದನ್ನೇ ನೋಡಿದೆ.

“ಯಾಕ್ರೇ, ಎಲ್ಲಾರೂ ಗ್ವಾಡಿ ಯಾಕ ನೋಡಾಕತ್ತೀರಿ?” ಕಲ್ಯಾಣದಾಕಿ ಕೇಳಿದಳು. “ಅದರ ಮ್ಯಾಲೆ ಏನರ ಬರದಾರೇನು?”

ನನಗೆ ತಾಳ್ಮೆ ಕಡಿಮೆ. “ನೀ ನಾಚ್ಕೋಬಾರದಂತ ನೋಡಾಕತ್ತೇವಿ. ಕೆಮ್ಮು ಬರಲಿ, ಹೊತ್ತಾಗಲಿ, ಏನರ ಆಗಲಿ. ನಾವು ನೋಡಂಗಿಲ್ಲ. ನೀ ಉಣ್ಣು.”

ಅವಳಿಗೆ ನಗು ಬಂತು, ನಗುವಿನಲ್ಲಿ ಕೆಮ್ಮು ಬಂತು. ಸುಧಾರಿಸಿಕೊಂಡು ನೀರು ಕುಡಿದಳು. “ನಾಚಿಕಿ? ನಿಮ್ಮ ಮುಂದ? ದವಾಖಾನ್ಯಾಗ ಇಡೀ ವಾರ್ಡಿನ ಮುಂದ ನಳಿಗಿ ಹಾಕ್ಕೊಂಡ ಮಲಗಿದಾಕಿ ನಾ. ನಾಚಿಕಿ ಅಲ್ಲೇ ಬಿಟ್ಟ ಬಂದೇನಿ.”

“ಮತ್ತ ಏನು?”

ಅವಳು ತಾಟಿನ ಕಡೆ ಬೆರಳು ಮಾಡಿದಳು. “ಇದು. ಇಷ್ಟ ಬಡಿಸ್ಯಾನ. ಇದರಾಗ ಎಷ್ಟ ಇಳೀತದ ನನ್ನ ಗಂಟಲದಾಗ, ನಂಗ ಗೊತ್ತಿಲ್ಲ. ಒಂದ ದಿನ ಹತ್ತ ತುತ್ತ ಹೋಗ್ತಾವ. ಒಂದ ದಿನ ಎರಡಕ್ಕ ಬಾಗಲಾ ಮುಚ್ಚತದ. ಕೂಡೂಕಿಂತ ಮೊದಲ ಹ್ಯಾಂಗ ತಿಳೀಬೇಕು? ತಾಟಿಗಿ ಬಿದ್ದದ್ದು ಬಿಡಾಕ ನಂಗ ಬರಂಗಿಲ್ಲ.”

ಆಮೇಲೆ ಒಂದೊಂದಾಗಿ ಹೇಳಿದಳು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಸೊಸೆ ಪ್ರೀತಿಯಿಂದ ಒಂದು ಸೌಟು ನುಚ್ಚು ಬಡಿಸಿದ್ದಳಂತೆ. ಅರ್ಧಕ್ಕೆ ಗಂಟಲು ಕಟ್ಟಿತು. ಬಿಟ್ಟು ಏಳಲಾಗದೆ ಸಂಜೆಯವರೆಗೂ ಆ ತಾಟಿನ ಮುಂದೆಯೇ ಕೂತಿದ್ದಳಂತೆ. ದನಕ್ಕೆ ಹಾಕುತ್ತೇನೆ ಬಿಡ್ರಿ ಎಂದಳಂತೆ ಸೊಸೆ. ಕೊಟ್ಟಿಗೆಯಲ್ಲಿ ದನ ಎಲ್ಲಿದೆ ಈಗ, ಅಲ್ಲಿ ಮಗನ ಬೈಕು ನಿಂತಿದೆ. ಅವತ್ತಿನಿಂದ ಖಂಡಿತ ಮುಗಿಸುತ್ತೇನೆ ಎಂಬಷ್ಟನ್ನು ಮಾತ್ರ ಹಾಕಿಕೊಳ್ಳತೊಡಗಿದಳು. ಅದೂ ಒಂದು ದಿನ ಉಳಿಯಿತು. ಮಾರನೆಯ ದಿನ ಇನ್ನೂ ಕಡಿಮೆ ಹಾಕಿಕೊಂಡಳು. ಗಣಿತದವಳು, ಕಳೆಯುತ್ತ ಕಳೆಯುತ್ತ ಎರಡು ಚಮಚಕ್ಕೆ ಬಂದು ನಿಂತಿದ್ದಳು. ಅದು ಮುಗಿದಮೇಲೆ ಮತ್ತೊಂದು ಚಮಚ ಹಾಕಿಕೊಳ್ಳಲೂ ಹೆದರಿಕೆ. ಎಲ್ಲರ ಜೊತೆ ಕೂತರೆ ಯಾರಾದರೂ ಬಡಿಸಿಯೇ ಬಡಿಸುತ್ತಾರೆ. ಅದಕ್ಕೇ ಅಡಿಗೆ ಮನೆ, ಅದಕ್ಕೇ ಒಬ್ಬಳೇ.

ನಾವು ಗೋಡೆ ನೋಡುವುದನ್ನು ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷ ಅವಳು ಡಬ್ಬಿ ತೊಳೆದು ನೀರು ಕುಡಿಯುವುದನ್ನು ಕಣ್ಣಾರೆ ಕಂಡವರು ನಾವು. ನಮಗೇ ಹೊಳೆಯಲಿಲ್ಲ ಎಂದಮೇಲೆ ತೂಕದ ಯಂತ್ರ ನೋಡಿ ಮಾತಾಡುವ ಡಾಕ್ಟರಿಗೆ ಎಲ್ಲಿಂದ ಹೊಳೆಯಬೇಕು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಸಿಟ್ಟಿಗೆ ಜಾಗ ಸಿಗದಿದ್ದರೆ ನನಗೆ ಅಳು ಬರುತ್ತದೆ. ಬಂತು.

ಹಳ್ಳಿಖೇಡದಾಕಿ ತನ್ನ ಎಂದಿನ ಮೆಲುದನಿಯಲ್ಲಿ ಹೇಳಿದಳು: “ಜಡ್ಡಿನಾಗ ಬಿಟ್ರ ದೋಷ ಇಲ್ಲ, ತಂಗಿ. ಯಾರೇನ ಅಂತಾರ ನಿನಗ?”

“ಯಾರೂ ಏನೂ ಅನ್ನಂಗಿಲ್ಲ ಅಕ್ಕಾ. ಅನ್ನವ್ರಿದ್ರ ಜಗಳಾ ಮಾಡಬಹುದಿತ್ತು.”

ತಾಟಿನಲ್ಲಿ ನುಚ್ಚು ಆರುತ್ತಿತ್ತು. ಅವಳ ಕಣ್ಣು ಮತ್ತೆ ಆ ನುಚ್ಚಿನ ಮುದ್ದೆಯ ಮೇಲೆ ಹೋಯಿತು. ಅವಳಿಗೆ ಹಸಿವಿತ್ತು. ಅದು ಆಗ ನನಗೆ ಸ್ಪಷ್ಟವಾಗಿ ಕಂಡಿತು. ಹಸಿದವಳು ತುಂಬಿದ ತಾಟಿನ ಮುಂದೆ ಕೈ ಕಟ್ಟಿ ಕೂತಿದ್ದಳು.

ದುಬಲಗುಂಡಿಯಾಕಿ ಒಬ್ಬಳೇ ಇನ್ನೂ ಗೋಡೆಯ ಕಡೆ ನೋಡುತ್ತಿದ್ದಳು. ಕೂರಿಗೆ ಅಲ್ಲ, ಅದರ ಪಕ್ಕದ ಪರಾತ.

“ಭೂಮಾ ಮಾಡೋಣು” ಎಂದಳು.

ಭೂಮ ನಮ್ಮ ಕಡೆಯ ಮದುವೆಯ ಊಟ. ಮದುಮಗ, ಮದುಮಗಳು, ಎರಡೂ ಕಡೆಯ ಬೀಗರು, ಮುತ್ತೈದೆಯರು ಒಂದೇ ದೊಡ್ಡ ಪರಾತದ ಸುತ್ತ ಕೂತು ಅದೇ ಒಂದರಲ್ಲಿ ಕೈ ಹಾಕಿ ಉಣ್ಣುತ್ತಾರೆ. ಅಲ್ಲಿ ನಿನ್ನದು ನನ್ನದು ಎಂಬ ಪಾಲಿಲ್ಲ. ಹಸಿದವರು ಹೆಚ್ಚು ಉಣ್ಣುತ್ತಾರೆ, ಸಾಕಾದವರು ಕೈ ತೆಗೆಯುತ್ತಾರೆ. ಕೊನೆಗೆ ಪರಾತ ಬರಿದಾದರೆ ಸರಿ.

ಕಲ್ಯಾಣದಾಕಿ ಕೂಡಲೇ ಹೂಂ ಅನ್ನಲಿಲ್ಲ. ಅವಳು ಯಾವ ಲೆಕ್ಕವನ್ನೂ ಇನ್ನೊಬ್ಬರು ಬಿಡಿಸಿಕೊಟ್ಟರೆ ಒಪ್ಪುವವಳಲ್ಲ. ಹಣೆ ಗಂಟಿಕ್ಕಿ ಯೋಚಿಸಿದಳು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವ ಹಾಗೆ ನಿಧಾನವಾಗಿ ಅಂದಳು: “ನನ್ನ ಲಗ್ನದಾಗ ಭೂಮಕ್ಕ ಕೂತಾಗ ಅಂಜಿಕಿಗಿ ಎರಡ ತುತ್ತ ಉಂಡ ಕೈ ತಗದಿದ್ದೆ. ಪರಾತ ಖಾಲಿ ಆಗಿತ್ತು. ಮದಲಗಿತ್ತಿ ಬಿಟ್ಳಂತ ಯಾರೂ ಅನ್ನಲಿಲ್ಲ. ನಾನೂ ಅಂದ್ಕೊಳ್ಳಲಿಲ್ಲ.” ಪರಾತದ ಕಡೆ ನೋಡಿ, “ಹೌದು. ಅದು ಬಿಟ್ಟಂಗ ಅಲ್ಲ” ಎಂದಳು.

ದುಬಲಗುಂಡಿಯಾಕಿ ಅಷ್ಟರಲ್ಲಿ ಎದ್ದು ಪರಾತಕ್ಕೆ ಕೈ ಹಾಕಿ ಆಗಿತ್ತು. ಪರದೆ ಸರಿಸಿ ಬಂದ ಪೇಟದ ಮನುಷ್ಯ ಗಾಬರಿಯಾದ. “ಬಾಯಾರ, ಅದು ಶೋ ಸಲುವಾಗಿ ಹಾಕಿದ್ದರಿ. ಅದರಾಗ ಯಾರೂ ಊಟ ಮಾಡಂಗಿಲ್ರಿ.”

“ಊಟಕ್ಕಂತನ ಮಾಡಿದ್ದಪ್ಪಾ ಇದು. ಗ್ವಾಡಿಗಿ ತೂಗ ಹಾಕಾಕ ಮಾಡಿದ್ದಲ್ಲ” ಎಂದೆ ನಾನು. ದನಿ ತುಸು ಜೋರೇ ಆಯಿತು. ಅವನು ಮ್ಯಾನೇಜರನನ್ನು ಕರೆತಂದ. ಇಸ್ತ್ರಿ ಮಾಡಿದ ಜುಬ್ಬದ ತರುಣ, ಮೇಡಂ ಇದು ಆ್ಯಂಟಿಕ್ ಪೀಸು, ಬೇಕಾದರೆ ಫೋಟೋ ತೆಗೆದುಕೊಳ್ಳಿ ಎಂದ. ನಾನು ಬಾಯಿ ತೆರೆಯುವ ಮೊದಲೇ ಹಳ್ಳಿಖೇಡದಾಕಿ ಅವನ ಮುಂದೆ ನಿಂತಳು. “ನಮ್ಮ ಗೆಳತಿ ದವಾಖಾನಿಯಿಂದ ಬಂದಾಳಪ್ಪಾ. ಬ್ಯಾರೆ ತಾಟಿನಾಗ ಉಣ್ಣಾಕ ಆಗವಲ್ದು ಆಕಿಗಿ. ಭೂಮಾ ಮಾಡ್ತೇವಿ. ತೊಳದ ಕೊಡ್ತೇವಿ.” ಅಷ್ಟೇ ಹೇಳಿದ್ದು. ಅವನು ಒಳಗೆ ಇಣುಕಿದ. ಶಾಲು ಹೊದ್ದ ತೆಳ್ಳನೆಯ ಹೆಂಗಸನ್ನೂ ಅವಳ ಮುಂದಿನ ತುಂಬಿದ ತಾಟನ್ನೂ ನೋಡಿದ. ಭೂಮ ಎಂದರೇನೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ಅವನೂ ಇಲ್ಲಿಯವನೇ. ಜುಬ್ಬದ ತೋಳು ಮೇಲೇರಿಸಿ ತಾನೇ ಮೊಳೆಯಿಂದ ಪರಾತ ಬಿಡಿಸಿದ.

ದುಬಲಗುಂಡಿಯಾಕಿ ಅದನ್ನು ಬೆಳಕಿಗೆ ಹಿಡಿದು ಒಳಮೈ ಉಜ್ಜಿ ನೋಡಿದಳು. “ಕಲಾಯಿ ಹೋಗ್ಯದ. ಹುಣಸಿ ಹುಳಿ ಬಿದ್ರ ಕಿಲಬ ಏರ್ತದ” ಎಂದಳು. ಪೇಟದ ಮನುಷ್ಯ ಓಡಿಹೋಗಿ ಬಾಳೆ ಎಲೆ ತಂದ. ಪರಾತ ತೊಳೆದು, ಎಲೆಗಳನ್ನು ಒಂದರ ಮೇಲೊಂದು ಹಾಸಿ, ನಮ್ಮ ನಾಲ್ಕೂ ತಾಟುಗಳನ್ನು ಅದರೊಳಗೆ ಬಗ್ಗಿಸಿದೆವು. ನುಚ್ಚಿನ ಗುಡ್ಡ, ಅದರ ಸುತ್ತ ಭಜ್ಜಿ, ಅಂಚಿಗೆ ರೊಟ್ಟಿ, ಹೋಳಿಗೆ. ಅಡ್ಡಣಿಗೆಗಳನ್ನು ಪಕ್ಕಕ್ಕೆ ಸರಿಸಿ ನಡುವೆ ಪರಾತ ಇಟ್ಟುಕೊಂಡು ಕೂತೆವು.

ಹಳ್ಳಿಖೇಡದಾಕಿ ಮಾತ್ರ ನಿಂತೇ ಇದ್ದಳು. ಗಂಡ ಹೋದಮೇಲೆ ಅವಳನ್ನು ಯಾರೂ ಭೂಮಕ್ಕೆ ಕರೆದಿಲ್ಲ, ಅದು ಮುತ್ತೈದೆಯರ ಊಟ. “ಭೂಮಕ್ಕ ನಾ ಬರತೇನೇನವಾ?” ಎಂದು ಕೇಳಿದಳು. ಕೇಳಿದ್ದು ತಮಾಷೆಯ ಹಾಗೆ, ಆದರೆ ತಮಾಷೆಯಲ್ಲ.

ಕಲ್ಯಾಣದಾಕಿ ಅವಳ ಸೆರಗು ಹಿಡಿದು ಜಗ್ಗಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. “ನೀ ಬರಲಿಲ್ಲಂದ್ರ ನಾನೂ ಉಣ್ಣಂಗಿಲ್ಲ.”

ಹೀಗೆ ಊಟ ಶುರುವಾಯಿತು. ಕಲ್ಯಾಣದಾಕಿ ನುಚ್ಚಿನ ಸಣ್ಣ ಉಂಡೆಯನ್ನು ಮಜ್ಜಿಗೆಯಲ್ಲಿ ಕಿವುಚಿ ಬಾಯಿಗಿಟ್ಟಳು. ಕಣ್ಣು ಮುಚ್ಚಿ, ತುಂಬ ಹೊತ್ತು ಅಗಿದು, ನುಂಗಿದಳು. ಇನ್ನೊಂದು. ನಾವೂ ಅವಳ ಹದಕ್ಕೆ ಇಳಿದೆವು. ಅವಳು ಕೈ ನಿಲ್ಲಿಸಿದಾಗ ನಾವೂ ನಿಲ್ಲಿಸಿ ಹಳೆಯ ಹೆಡ್‌ಮಿಸ್ಟ್ರೆಸ್ಸಿನ ಕಥೆ ತೆಗೆಯುತ್ತಿದ್ದೆವು. ಅವರು ಪ್ರಾರ್ಥನೆಯ ಹೊತ್ತಿಗೆ ನಿಂತೇ ನಿದ್ದೆ ಹೋಗುತ್ತಿದ್ದುದು, ಇನ್‌ಸ್ಪೆಕ್ಟರ್ ಬಂದ ದಿನ ನನ್ನ ಪ್ರಯೋಗದ ಬಾಟಲಿ ಸಿಡಿದು ಆತನ ಕೋಟಿಗೆ ಬಣ್ಣ ಬಿದ್ದದ್ದು. ನಗುತ್ತ ನಗುತ್ತ ಅವಳಿಗೆ ಗಂಟಲು ಸಡಿಲವಾಗುತ್ತಿತ್ತು. ಕೈ ತಾನಾಗಿ ಮತ್ತೆ ಪರಾತಕ್ಕೆ ಹೋಗುತ್ತಿತ್ತು. ಎಷ್ಟು ಉಂಡೆ ಎಂದು ಅವಳು ನೋಡಿಕೊಳ್ಳಲಿಲ್ಲ. ನೋಡಿಕೊಳ್ಳಲು ಅಲ್ಲಿ ಅವಳದೆಂಬ ಗೆರೆ ಯಾವುದೂ ಇರಲಿಲ್ಲ. ಭಜ್ಜಿಯ ಕಾಳುಗಳನ್ನು ನಾನು ಬೆರಳಲ್ಲಿ ಹಿಸುಕಿ ಅವಳ ಕಡೆ ತಳ್ಳುತ್ತಿದ್ದೆ. ಒಂದು ಸಲ ಕೆಮ್ಮು ಜೋರಾಗಿ ಬಂತು, ಹಳ್ಳಿಖೇಡದಾಕಿ ಬೆನ್ನು ಸವರಿದಳು, ನಿಂತಿತು. ಮತ್ತೆ ಉಂಡಳು.

ಆ ದಿನಕ್ಕೆ ನಾನು ಯಾರ ಯಾರ ಋಣದಲ್ಲಿದ್ದೇನೆ ಎಂದು ಆಗಾಗ ಯೋಚಿಸುತ್ತೇನೆ. ಗಂಟು ಕೊಯ್ದು ಜೀವ ಉಳಿಸಿದ ಡಾಕ್ಟರು, ನುಚ್ಚನ್ನು ಬೆಣ್ಣೆಯ ಹಾಗೆ ಬೇಯಿಸಿದ ಕಾಣದ ಅಡಿಗೆಯವರು, ನಾವು ಅಷ್ಟು ಹೊತ್ತು ಕೂತರೂ ಬಂದು 'ಮತ್ತೇನು ಬೇಕು' ಎಂದು ಕಾಡದೆ ಪರದೆಯಾಚೆ ನಿಂತ ಆ ಪೇಟದ ಮನುಷ್ಯ, ಯಾವ ಮನೆಯ ಮದುವೆಗಳಲ್ಲೋ ಉಣಿಸಿ ಸವೆದು ಗುಜರಿಗೆ ಬಿದ್ದು ಇಲ್ಲಿಗೆ ಬಂದಿದ್ದ ಆ ಪರಾತ. ಸುಳ್ಳು ಮಣ್ಣಿನ ಗೋಡೆಗೂ ನಾನು ಋಣಿಯೇ. ಅದನ್ನು ಅಲಂಕರಿಸುವ ಚಟಕ್ಕೆ ಅವರು ಹಳೆಯ ಸಾಮಾನು ತಂದು ತೂಗುಹಾಕದಿದ್ದರೆ ನಮಗೆ ಭೂಮ ನೆನಪಾಗುತ್ತಿತ್ತೋ ಇಲ್ಲವೋ. ಬಂದಾಗಿನಿಂದ ಗೊಣಗಿದ್ದೆನಲ್ಲ, ಅದನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಬೀಸುಕಲ್ಲಿನ ಮೇಲೆ ಕೂರಿಸಿದ ಬೋಗುಣಿ ಒಂದನ್ನು ಬಿಟ್ಟು.

ಆಮೇಲೆ ಕಲ್ಯಾಣದಾಕಿಯ ಸೊಸೆಯೂ ತನ್ನ ತವರಿನಿಂದ ಪರಾತ ತರಿಸಿದಳು, ಮಗ ಸೊಸೆ ಮೊಮ್ಮಕ್ಕಳು ಎಲ್ಲ ಸುತ್ತ ಕೂರತೊಡಗಿದರು. ಮುಂದಿನ ಸಲ ಸೊಲ್ಲಾಪುರಕ್ಕೆ ಹೋದಾಗ ಡಾಕ್ಟರು ನಳಿಗೆಯ ಮಾತು ಎತ್ತಲಿಲ್ಲ. ಅದು ದೊಡ್ಡ ಸಮಾಧಾನವೇ. ಆದರೆ ನನ್ನ ಮಟ್ಟಿಗೆ ಅದು ಡಾಕ್ಟರ ಕೋಣೆಯಲ್ಲಿ ತೀರ್ಮಾನವಾದದ್ದಲ್ಲ. ಆ ಮಧ್ಯಾಹ್ನ, ಊಟದ ಕೊನೆಯಲ್ಲೇ ಆಗಿತ್ತು.

ಕಲ್ಯಾಣದಾಕಿ ಸಾಕೆಂದು ಕೈ ತೆಗೆದು ಗೋಡೆಗೆ ಒರಗಿದ್ದಳು. ಪರಾತದಲ್ಲಿ ಇನ್ನೂ ಸಾಕಷ್ಟು ಉಳಿದಿತ್ತು. ಅದನ್ನು ಮುಗಿಸುವುದು ನಮ್ಮ ಮೂವರ ಕೆಲಸ, ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಒಂದು ಅಗಳು ಉಳಿದರೂ ಅವಳು ನೋಡುತ್ತಾಳೆ, ನಾಳೆ ಮತ್ತೆ ಅಡಿಗೆ ಮನೆ ಸೇರುತ್ತಾಳೆ. ಉಂಡೆವು. ದುಬಲಗುಂಡಿಯಾಕಿ ಸೀರೆಯ ನಿರಿಗೆ ಸಡಿಲಿಸಿಕೊಂಡು ಉಂಡಳು. ಹಳ್ಳಿಖೇಡದಾಕಿ ಪ್ರತಿ ತುತ್ತಿಗೂ ಒಂದು ನಿಟ್ಟುಸಿರು ಬಿಟ್ಟು ಉಂಡಳು. ನನಗೆ ಬೆನ್ನು ಬಗ್ಗುತ್ತಿರಲಿಲ್ಲ. ಕೊನೆಗೆ ಎಲೆಯ ನಡುವೆ ಒಂದು ಹಿಡಿಯಷ್ಟು ನುಚ್ಚು, ಅದಕ್ಕೆ ಹತ್ತಿದ ಸ್ವಲ್ಪ ಭಜ್ಜಿ ಉಳಿಯಿತು. ನಾನು ಕೈ ಚಾಚಿದೆ. ಕೈ ಅರ್ಧದಲ್ಲೇ ನಿಂತುಬಿಟ್ಟಿತು. ಉಳಿದಿಬ್ಬರನ್ನು ನೋಡಿದೆ. ದುಬಲಗುಂಡಿಯಾಕಿ ತಲೆ ಅಲ್ಲಾಡಿಸಿದಳು.

ಕಲ್ಯಾಣದಾಕಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಬೋರ್ಡಿನ ಮುಂದೆ ನಿಂತು ಲೆಕ್ಕ ಬಾರದೆ ಸೀಮೆಸುಣ್ಣ ತಿರುವುವ ಹುಡುಗಿಯರನ್ನು ನೋಡುತ್ತಿದ್ದ ಹಾಗೆ.

“ಇಷ್ಟ ಸೈತ ನಿಮ್ಮ ಕೈಲೆ ಆಗಂಗಿಲ್ಲೇನು?”

“ಇಲ್ಲ ತಂಗಿ” ಎಂದಳು ಹಳ್ಳಿಖೇಡದಾಕಿ. “ಇನ್ನ ಒಂದ ಅಗಳ ಒಳಗ ಹೋಗಂಗಿಲ್ಲ.”

“ಹಂಗಾರ ಆಚೀ ಸರೀರಿ.”

ಅವಳು ಮುಂದೆ ಬಗ್ಗಿ ಪರಾತವನ್ನು ಎರಡೂ ಕೈಯಿಂದ ತನ್ನ ಕಡೆ ಎಳೆದುಕೊಂಡಳು. ಎಲೆಯ ಅಂಚಿನಿಂದ ಬೆರಳು ಸವರುತ್ತ ಎಲ್ಲವನ್ನೂ ನಡುವಿಗೆ ಕೂಡಿಸಿದಳು. ಅದನ್ನು ಸಣ್ಣ ಸಣ್ಣ ತುತ್ತು ಮಾಡಿ, ಒಂದಾದ ಮೇಲೊಂದು, ನಿಧಾನವಾಗಿ ಉಂಡಳು. ನಡುವೆ ಒಂದು ಸಲ ನಿಲ್ಲಿಸಿ ಉಸಿರು ತೆಗೆದುಕೊಂಡಳು. ಕೊನೆಯ ತುತ್ತು ಅವಳ ಗಂಟಲಲ್ಲಿ ಇಳಿಯುವುದನ್ನು ನಾನು ಕಣ್ಣು ತೆಗೆಯದೆ ನೋಡಿದೆ. ಎಲೆಯ ಮೇಲೆ ಒಂದು ಅಗಳೂ ಉಳಿದಿರಲಿಲ್ಲ.